ಮೊದಲ ಪ್ರದರ್ಶನ ಸ್ಕಾರ್ಬರೋದಲ್ಲಿ



ನಮ್ಮಲ್ಲಿ ಬಹುತೇಕರು ಊರು ಬಿಟ್ಟು ಮಹಾನಗರಕ್ಕೆ ಬಂದವರು. ಕೆಲಸ, ಹೆಸರು, ನಾಲ್ಕು ಕಾಸು ಎಲ್ಲವೂ ದೊಡ್ಡ ಊರಿನಲ್ಲೇ ಸಿಗುತ್ತದೆ ಎಂಬ ನಂಬಿಕೆಯೇ ನಮ್ಮನ್ನು ರೈಲು ಹತ್ತಿಸಿತು. ಈ ಸಲ ನಿಮಗೆ ಪರಿಚಯಿಸುತ್ತಿರುವ ವ್ಯಕ್ತಿ ಹೊರಟದ್ದು ಇದರ ಎದುರು ದಿಕ್ಕಿಗೆ. ಹುಟ್ಟಿದ್ದು ಲಂಡನ್ನಿನಲ್ಲಿ, ಬದುಕು ಕಟ್ಟಿಕೊಂಡದ್ದು ಕಡಲತೀರದ ಒಂದು ಸಣ್ಣ ಊರಿನಲ್ಲಿ. ಅವರು ಇಂಗ್ಲಿಷ್ ನಾಟಕಕಾರ, ನಿರ್ದೇಶಕ ಆಲನ್ ಏಕ್‌ಬೋರ್ನ್.

1939ರ ಏಪ್ರಿಲ್ 12ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅವರ ಜನನ. ತಂದೆ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲು ವಾದಕ, ತಾಯಿ ಪತ್ರಿಕೆಗಳಿಗೆ ಕಥೆ ಬರೆಯುವವರು. ಮಗ ಚಿಕ್ಕವನಿದ್ದಾಗಲೇ ಅವರಿಬ್ಬರೂ ದೂರವಾದರು. ತಾಯಿ ಒಬ್ಬ ಬ್ಯಾಂಕ್ ಮ್ಯಾನೇಜರರನ್ನು ಮದುವೆಯಾದರು. ಆ ಸಂಸಾರವೂ ಸುಖವಾಗಿರಲಿಲ್ಲ. ಹೊರಗಿನವರಿಗೆ ಒಪ್ಪವಾಗಿ ಕಾಣುವ ಮನೆಯೊಳಗೆ ಗಂಡ ಹೆಂಡಿರು ಹೇಗೆ ಮಾತಿಲ್ಲದೆ ಸವೆಯುತ್ತಾರೆ ಎಂಬುದನ್ನು ಆ ಹುಡುಗ ಕಣ್ಣಾರೆ ಕಂಡ. ಮುಂದೆ ಅವರ ನಾಟಕಗಳ ಮುಖ್ಯ ವಸ್ತುವೂ ಅದೇ ಆಯಿತು.

ಹದಿನೇಳಕ್ಕೆ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಅವರು, 1957ರಲ್ಲಿ ಯಾರ್ಕ್‌ಶೈರ್‌ನ ಸ್ಕಾರ್ಬರೋ ಎಂಬ ಊರಿಗೆ ಬಂದರು. ಬೇಸಿಗೆಯಲ್ಲಿ ರಜೆಗೆಂದು ಜನ ಬರುವ ಊರು ಅದು. ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಮಹಡಿಯ ಮೇಲೆ ಸ್ಟೀಫನ್ ಜೋಸೆಫ್ ಎಂಬ ರಂಗಕರ್ಮಿ 1955ರಲ್ಲಿ ಒಂದು ಪುಟ್ಟ ರಂಗಮಂದಿರ ತೆರೆದಿದ್ದರು. ಪರದೆ ಇಲ್ಲ, ಎತ್ತರದ ವೇದಿಕೆ ಇಲ್ಲ. ನಡುವೆ ನಟರು, ನಾಲ್ಕೂ ಕಡೆ ಪ್ರೇಕ್ಷಕರು. ಬೆನ್ನು ತಿರುಗಿಸಿ ಬಚ್ಚಿಡಲು ಜಾಗವೇ ಇಲ್ಲದ ರಂಗ.

ಏಕ್‌ಬೋರ್ನ್ ಅಲ್ಲಿ ರಂಗ ವ್ಯವಸ್ಥೆ ನೋಡಿಕೊಂಡು, ಸಣ್ಣಪುಟ್ಟ ಪಾತ್ರಗಳನ್ನೂ ಮಾಡುತ್ತಿದ್ದರು. ಒಮ್ಮೆ ತಮಗೆ ಕೊಟ್ಟ ಪಾತ್ರ ಚೆನ್ನಾಗಿಲ್ಲ ಎಂದು ಗೊಣಗಿದರು. ಜೋಸೆಫ್ ಸಿಟ್ಟಾಗಲಿಲ್ಲ. ಇದಕ್ಕಿಂತ ಒಳ್ಳೆಯ ಪಾತ್ರ ಬೇಕಿದ್ದರೆ ನೀನೇ ಒಂದು ನಾಟಕ ಬರೆ, ಆಡಿಸೋಣ ಎಂದರು. 1959ರಲ್ಲಿ ಇಪ್ಪತ್ತರ ಹರೆಯದ ಹುಡುಗ ರೋಲಂಡ್ ಆಲನ್ ಎಂಬ ಗುಪ್ತನಾಮದಲ್ಲಿ ‘ದ ಸ್ಕ್ವೇರ್ ಕ್ಯಾಟ್’ ಬರೆದ, ಅದರಲ್ಲಿ ತಾನೇ ಗಿಟಾರ್ ಹಿಡಿದು ನಟಿಸಿದ. ಜನ ಮೆಚ್ಚಿದರು.

ಆದರೆ ಲಂಡನ್ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಮಾತೇ ಆಡದ ಪಿಯಾನೋ ರಿಪೇರಿಯವನೊಬ್ಬನ ಕಥೆ ‘ಮಿಸ್ಟರ್ ವಾಟ್‌ನಾಟ್’. 1963ರಲ್ಲಿ ಸ್ಟೋಕ್‌ನಲ್ಲಿ ಗೆದ್ದ ಈ ನಾಟಕವನ್ನು ಮರುವರ್ಷ ಲಂಡನ್ನಿಗೆ ಒಯ್ದಾಗ ವಿಮರ್ಶಕರು ನಿರ್ದಯವಾಗಿ ತಳ್ಳಿಹಾಕಿದರು. ಮನನೊಂದ ಏಕ್‌ಬೋರ್ನ್ ರಂಗಭೂಮಿಯಿಂದ ದೂರ ಸರಿದು ಒಂದು ನೌಕರಿ ಹಿಡಿದರು.

ಯಾವ ನೌಕರಿ ಗೊತ್ತೇ? ರೇಡಿಯೋದ್ದು! ಲೀಡ್ಸ್ ನಗರದ ಬಿಬಿಸಿ ಕೇಂದ್ರದಲ್ಲಿ ನಾಟಕ ವಿಭಾಗದ ನಿರ್ಮಾಪಕರಾಗಿ 1970ರವರೆಗೆ ದುಡಿದರು. ಮೈಕಿನ ಮುಂದೆ ಕೂತು ಸಂಬಳ ಎಣಿಸುವ ನನ್ನಂಥವರಿಗೆ ಇದು ಸ್ವಲ್ಪ ಹೆಮ್ಮೆಯ ವಿಷಯ. ಬಾನುಲಿ ನಾಟಕದಲ್ಲಿ ಬಾಗಿಲು ಮುಚ್ಚಿದ ಸದ್ದು ಒಂದೇ ಸಾಕು, ಆಚೆ ಇನ್ನೊಂದು ಕೋಣೆ ಇದೆ ಎಂದು ಕೇಳುಗರಿಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಕೋಣೆಯಲ್ಲೂ ಬದುಕು ನಡೆದೇ ಇರುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಜೋಸೆಫ್ ಮಾತ್ರ ಶಿಷ್ಯನನ್ನು ಬಿಡಲಿಲ್ಲ. ಮಳೆ ಬಂದು ರಜೆ ಕೆಟ್ಟವರು ಒದ್ದೆ ಬಟ್ಟೆಯಲ್ಲಿ ಒಳಗೆ ಬಂದು ಕೂತು ನಗುವಂಥ ಒಂದು ನಾಟಕ ಬರೆದುಕೊಡು ಎಂದು ಕೇಳಿದರು. 1965ರಲ್ಲಿ ಸ್ಕಾರ್ಬರೋದಲ್ಲಿ ಆಡಿದ ಆ ನಾಟಕ ‘ರಿಲೇಟಿವ್ಲಿ ಸ್ಪೀಕಿಂಗ್’ ಎಂಬ ಹೊಸ ಹೆಸರಿನಲ್ಲಿ 1967ರ ಮಾರ್ಚಿಯಲ್ಲಿ ಲಂಡನ್ ತಲುಪಿತು. ಮೂರು ವರ್ಷದ ಹಿಂದೆ ಓಡಿಸಿದ ಅದೇ ನಗರ ಈಗ ಬಿದ್ದು ಬಿದ್ದು ನಕ್ಕಿತು. ಅದೇ ಅಕ್ಟೋಬರಿನಲ್ಲಿ ಜೋಸೆಫ್ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗಿನ್ನೂ 46 ವರ್ಷ.

ಹೆಸರು ಬಂದಿದೆ, ಲಂಡನ್ ಕರೆಯುತ್ತಿದೆ, ಗುರು ಇಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಏಕ್‌ಬೋರ್ನ್ ಸ್ಕಾರ್ಬರೋಕ್ಕೆ ಮರಳಿದರು. 1972ರಲ್ಲಿ ಆ ರಂಗಮಂದಿರದ ಕಲಾ ನಿರ್ದೇಶಕರಾಗಿ, 2009ರವರೆಗೆ ಅದನ್ನು ನಡೆಸಿದರು. ತಾವು ಬರೆದದ್ದನ್ನು ತಾವೇ ನಿರ್ದೇಶಿಸುವುದು, ಮೊದಲು ಆ ಊರಿನವರಿಗೆ ತೋರಿಸುವುದು, ಲಂಡನ್ನಿಗೆ ಆಮೇಲೆ. ಅವರ ಬಹುಪಾಲು ನಾಟಕಗಳು ಹೊರಬಂದದ್ದು ಈ ಕ್ರಮದಲ್ಲೇ.

ಸಣ್ಣ ಊರಿನ ಇಕ್ಕಟ್ಟೇ ಅವರಿಗೆ ಹೊಸ ದಾರಿ ತೋರಿಸಿತು. 1973ರ ‘ದ ನಾರ್ಮನ್ ಕಾಂಕ್ವೆಸ್ಟ್ಸ್’ ನೋಡಿ. ಮೂರು ನಾಟಕ, ಅದೇ ಆರು ಪಾತ್ರ, ಒಂದೇ ಮನೆ, ಒಂದೇ ವಾರಾಂತ್ಯ. ಒಂದು ನಾಟಕ ಊಟದ ಕೋಣೆಯಲ್ಲಿ, ಇನ್ನೊಂದು ಪಡಸಾಲೆಯಲ್ಲಿ, ಮತ್ತೊಂದು ತೋಟದಲ್ಲಿ. ಒಂದರಲ್ಲಿ ಸಿಟ್ಟಿನಿಂದ ಎದ್ದು ಹೋದವನು ಇನ್ನೊಂದರಲ್ಲಿ ಒಳಗೆ ಬರುತ್ತಾನೆ. ರಜೆಗೆ ಬಂದವರು ಮೂರನ್ನೂ ನೋಡಲಾಗದು, ನೋಡಿದರೂ ಯಾವುದು ಮೊದಲೋ ಹೇಳಲಾಗದು. ಆದ್ದರಿಂದ ಯಾವುದನ್ನು ನೋಡಿದರೂ ಅರ್ಥವಾಗಬೇಕು. ನಾನು ನೆನಪಿಟ್ಟುಕೊಳ್ಳಿ ಎಂದ ಆ ಪಕ್ಕದ ಕೋಣೆ ಈಗ ಹೊಳೆಯಿತಲ್ಲವೇ?

ನಗಿಸುತ್ತಾರೆ, ಸರಿ. ಆ ನಗುವಿನ ಕೆಳಗೆ ಮುಳ್ಳಿದೆ. 1972ರ ‘ಅಬ್ಸರ್ಡ್ ಪರ್ಸನ್ ಸಿಂಗ್ಯುಲರ್’ ಮೂರು ಕ್ರಿಸ್‌ಮಸ್‌ಗಳಲ್ಲಿ, ಮೂರು ಅಡುಗೆಮನೆಗಳಲ್ಲಿ ನಡೆಯುತ್ತದೆ. ಎರಡನೆಯ ಅಂಕದಲ್ಲಿ ಇವಾ ಎಂಬ ಗೃಹಿಣಿಗೆ ಬದುಕೇ ಬೇಡವಾಗಿದೆ. ಒಲೆಯ ಬಳಿ ಕುಸಿದ ಅವಳನ್ನು ಕಂಡ ಅತಿಥಿ, ಪಾಪ ಒಲೆ ತೊಳೆಯುತ್ತಿದ್ದಾಳೆ ಎಂದುಕೊಂಡು ತಾನೇ ಉತ್ಸಾಹದಿಂದ ತೊಳೆಯಲು ನಿಲ್ಲುತ್ತಾಳೆ. ಪ್ರೇಕ್ಷಕರು ನಗುತ್ತಾರೆ. ಆಮೇಲೆ, ಒಬ್ಬರೂ ಅವಳ ಮುಖ ನೋಡಲಿಲ್ಲವಲ್ಲ ಎಂಬುದು ಹೊಳೆಯುತ್ತದೆ. ನಗುತ್ತಿದ್ದ ನಾವೂ ನೋಡಿರಲಿಲ್ಲ.

1987ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅವರು ಆರ್ಥರ್ ಮಿಲ್ಲರರ ‘ಎ ವ್ಯೂ ಫ್ರಂ ದ ಬ್ರಿಡ್ಜ್’ ನಿರ್ದೇಶಿಸಿದರು. ಮೈಕೆಲ್ ಗ್ಯಾಂಬನ್ ನಟಿಸಿದ ಆ ಪ್ರದರ್ಶನ ಬಹಳ ಹೆಸರು ಮಾಡಿತು. ಮತ್ತೆ ವಾಪಸು ಸ್ಕಾರ್ಬರೋಕ್ಕೆ. ಊರಿನಲ್ಲಿ ಮುಚ್ಚಿಹೋಗಿದ್ದ ಓಡಿಯನ್ ಚಿತ್ರಮಂದಿರವೇ 1996ರಲ್ಲಿ ರಂಗಮಂದಿರದ ಹೊಸ ಮನೆಯಾಯಿತು. ಅದಕ್ಕಿರುವುದು ಗುರುವಿನ ಹೆಸರು: ಸ್ಟೀಫನ್ ಜೋಸೆಫ್ ಥಿಯೇಟರ್. 1997ರಲ್ಲಿ ‘ಸರ್’ ಪದವಿ ಬಂತು. 2006ರಲ್ಲಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಅದೇ ವರ್ಷ ಮತ್ತೆ ತಾಲೀಮಿಗೆ ಬಂದರು. 2024ರ ಹೊತ್ತಿಗೆ ಅವರ ಪೂರ್ಣಪ್ರಮಾಣದ ನಾಟಕಗಳ ಸಂಖ್ಯೆ ತೊಂಬತ್ತು ಮುಟ್ಟಿತ್ತು.

ಕೊನೆಯದಾಗಿ ಒಂದು ಪ್ರಸಂಗ. 2020ರಲ್ಲಿ ಕೊರೋನಾದಿಂದ ಲೋಕದ ರಂಗಮಂದಿರಗಳೆಲ್ಲ ಬೀಗ ಹಾಕಿಕೊಂಡವು. ಆಗ 81ರ ಏಕ್‌ಬೋರ್ನ್ ತಮ್ಮ ಮನೆಯಲ್ಲೇ ‘ಆನ್ನೋ ಡೊಮಿನೊ’ ಎಂಬ ಧ್ವನಿ ನಾಟಕ ತಯಾರಿಸಿದರು. ಹದಿಹರೆಯದವರಿಂದ ಎಪ್ಪತ್ತು ದಾಟಿದವರವರೆಗೆ ಎಲ್ಲ ಪಾತ್ರಗಳಿಗೂ ದನಿ ಎರಡೇ: ಅವರದು ಮತ್ತು ಮಡದಿ ಹೆದರ್ ಸ್ಟೋನಿ ಅವರದು. 1964ರಲ್ಲಿ ಇಬ್ಬರೂ ಒಂದು ನಾಟಕದಲ್ಲಿ ಜೊತೆಯಾಗಿ ನಟಿಸಿದ ಮೇಲೆ ಏಕ್‌ಬೋರ್ನ್ ವೃತ್ತಿಯಾಗಿ ನಟಿಸಿರಲೇ ಇಲ್ಲ. ಮುಚ್ಚಿದ ರಂಗಮಂದಿರದ ಪರವಾಗಿ ಆ ನಾಟಕ ಇಂಟರ್‌ನೆಟ್ಟಿನಲ್ಲಿ ಬಂತು. ಸೋತಾಗ ಆಸರೆಯಾಗಿದ್ದ ಬಾನುಲಿಯ ವಿದ್ಯೆ ಮುಪ್ಪಿನಲ್ಲೂ ಕೈಬಿಡಲಿಲ್ಲ.

ಈ ಮಹಾನಗರದ ನೂರು ಸದ್ದುಗಳ ನಡುವೆ ನಮ್ಮ ಕನ್ನಡದ ವೇಳೆ ತೀರ ಚಿಕ್ಕದು. ಎಷ್ಟು ಮಂದಿ ಕೇಳುತ್ತಾರೆ ಎಂದು ಯಾರಾದರೂ ಕೇಳಿದಾಗ ನನಗೂ ಒಳಗೆ ಅಳುಕಾಗುವುದುಂಟು. ಆಗ ಗ್ರಂಥಾಲಯದ ಮಹಡಿಯ ಆ ಪುಟ್ಟ ಕೋಣೆ, ಮಳೆಯಲ್ಲಿ ನೆನೆದು ಬಂದು ಕೂತ ಆ ಜನ ನೆನಪಾಗುತ್ತಾರೆ. ಅವರಿಗೆಂದು ಬರೆದದ್ದನ್ನೇ ಕೊನೆಗೆ ಲಂಡನ್ ಕೂಡ ಟಿಕೆಟ್ ಕೊಂಡು ನೋಡಿತು.

ಕೇಳುತ್ತಿರಿ. ಮತ್ತೆ ಸಿಗೋಣ.