ಬೀಳುವವನಿಗೆ ತೂಕವಿಲ್ಲ

ಬಾಹ್ಯಾಕಾಶ ನೌಕೆಯೊಳಗೆ ಯಾತ್ರಿಗಳು ಮೀನುಗಳಂತೆ ತೇಲಾಡುವ ದೃಶ್ಯವನ್ನು ನಾವೆಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಕಾರಣವೇನೆಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: 'ಅಲ್ಲಿ ಗುರುತ್ವಾಕರ್ಷಣೆ ಇಲ್ಲ.' ತರಗತಿಗಳಲ್ಲೂ ಎಷ್ಟೋ ಸಲ ಇದೇ ಉತ್ತರ ಕೇಳಿಬರುತ್ತದೆ. ಆದರೆ ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆಂದಾದರೆ ನೌಕೆ ಭೂಮಿಯನ್ನು ಬಿಟ್ಟು ಹೋಗದೆ ಅದನ್ನೇ ಸುತ್ತುವುದು ಹೇಗೆ? ಅಷ್ಟು ದೂರದ ಚಂದ್ರನನ್ನು ನಮ್ಮ ಜೊತೆ ಹಿಡಿದಿಟ್ಟಿರುವುದು ಯಾವುದು?

ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಹೋದರೆ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನ ಸೆಳೆತದ ಸುಮಾರು ಶೇ. 90ರಷ್ಟಿದೆ. ಅಷ್ಟೆತ್ತರದ ಗೋಪುರವೊಂದನ್ನು ಕಟ್ಟಿ, ಅದರ ತುದಿಯಲ್ಲಿ 60 ಕಿಲೋ ತೂಕದ ವ್ಯಕ್ತಿಯನ್ನು ನಿಲ್ಲಿಸಿದರೆ ತಕ್ಕಡಿ ಸುಮಾರು 53 ಕಿಲೋ ತೋರಿಸೀತು. ಆತ ತೇಲುವುದಿಲ್ಲ. ಕಾಲು ಜಾರಿದರೆ ಕೆಳಗೇ ಬೀಳುತ್ತಾನೆ. ಹಾಗಾದರೆ ಅದೇ ಎತ್ತರದಲ್ಲಿರುವ ಯಾತ್ರಿ ತೇಲುವುದೇಕೆ? ಇದಕ್ಕೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ಸಾವಿರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಅರ್ಧ ಅರ್ಧ ಸತ್ಯಗಳು

ಭಾರವಾದ ವಸ್ತುಗಳನ್ನು ತನ್ನತ್ತ ಸೆಳೆಯುವುದು ಭೂಮಿಯ ಸ್ವಭಾವವೆಂದು 7ನೇ ಶತಮಾನದ ಬ್ರಹ್ಮಗುಪ್ತರು ಅಭಿಪ್ರಾಯಪಟ್ಟಿದ್ದರು. ಸುಮಾರು 1030ರಲ್ಲಿ ಭಾರತದ ಕುರಿತು ಅರಬಿಯಲ್ಲಿ ಗ್ರಂಥ ಬರೆದ ಅಲ್ ಬಿರೂನಿ ಈ ಅಭಿಪ್ರಾಯವನ್ನು ಬ್ರಹ್ಮಗುಪ್ತರ ಹೆಸರಿನಲ್ಲಿಯೇ ದಾಖಲಿಸಿದರು. ಬೇರೆ ಧರ್ಮದ ವಿದ್ವಾಂಸರ ವಿಚಾರವನ್ನು ಅವರದೆಂದೇ ಒಪ್ಪಿ ಬರೆಯುವ ಈ ಪ್ರಾಮಾಣಿಕತೆ ಇಂದಿನ ನಮಗೆ ಪಾಠವಾಗಬೇಕು.

1121ರಲ್ಲಿ ಮರ್ವ್ ನಗರದ ಅಲ್ ಖಾಝಿನಿ 'ಮೀಝಾನುಲ್ ಹಿಕ್ಮ' ಎಂಬ ಗ್ರಂಥ ರಚಿಸಿದರು. ಗುಲಾಮನಾಗಿದ್ದು ಬಿಡುಗಡೆ ಹೊಂದಿ ವಿದ್ವಾಂಸನಾಗಿ ಬೆಳೆದ ವ್ಯಕ್ತಿ ಅವರು. ತಕ್ಕಡಿಯ ವಿಜ್ಞಾನಕ್ಕೆ ಮೀಸಲಾದ ಈ ಗ್ರಂಥದಲ್ಲಿ, ಕೇಂದ್ರದಿಂದ ಇರುವ ದೂರಕ್ಕೆ ತಕ್ಕಂತೆ ವಸ್ತುವಿನ ಭಾರ ಬದಲಾಗುತ್ತದೆ ಎಂದು ಅವರು ಹೇಳಿದರು. ಇದನ್ನು ಹಿಡಿದು, 'ನ್ಯೂಟನ್‌ಗಿಂತ ಐದು ಶತಮಾನ ಮೊದಲೇ ಮುಸ್ಲಿಮರು ಗುರುತ್ವಾಕರ್ಷಣೆಯನ್ನು ಕಂಡುಹಿಡಿದಿದ್ದರು' ಎಂದು ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. ಆದರೆ ದೂರ ಹೋದಂತೆ ಭಾರ ಹೆಚ್ಚುತ್ತದೆ ಎಂಬುದು ಖಾಝಿನಿಯವರ ಅಭಿಪ್ರಾಯವಾಗಿತ್ತು. ಭೂಮಿಯ ಹೊರಗೆ ನಡೆಯುವುದು ಇದಕ್ಕೆ ವಿರುದ್ಧವಾಗಿ. ಭಾರ ಎಲ್ಲೆಡೆ ಒಂದೇ ಅಲ್ಲ ಎಂದು ಯೋಚಿಸಿದ್ದು ಅವರ ದೊಡ್ಡತನ. ಅವರು ಹೇಳದ್ದನ್ನು ಅವರ ಬಾಯಿಗೆ ತುರುಕುವುದರಿಂದ ಆ ದೊಡ್ಡತನ ಹೆಚ್ಚುವುದಿಲ್ಲ.

ಇಬ್ನ್ ಸೀನಾ (ಮರಣ 1037) ಸಮಸ್ಯೆಯ ಇನ್ನೊಂದು ಮಗ್ಗುಲನ್ನು ಕಂಡವರು. ಎಸೆದ ವಸ್ತುವಿಗೆ ಯಾವ ಅಡ್ಡಿಯೂ ಇಲ್ಲದಿದ್ದರೆ ಅದರ ಚಲನೆ ನಿಲ್ಲುವುದೇ ಇಲ್ಲ ಎಂದು ಅವರು ತರ್ಕಿಸಿದರು. ಆದರೆ ಹಾಗೆ ನಿಲ್ಲದೆ ಚಲಿಸುವ ವಸ್ತುವನ್ನು ನಾವು ಕಾಣುವುದಿಲ್ಲ, ಆದ್ದರಿಂದ ಶೂನ್ಯ ಪ್ರದೇಶವೆಂಬುದೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ತರ್ಕ ಸರಿಯಿತ್ತು, ತೀರ್ಮಾನ ತಪ್ಪಿತು. 14ನೇ ಶತಮಾನದಲ್ಲಿ ಪ್ಯಾರಿಸ್‌ನ ಬುರಿಡಾನ್, 17ನೇ ಶತಮಾನದಲ್ಲಿ ಇಟಲಿಯ ಗೆಲಿಲಿಯೋ ಚಲನೆಯ ವಿಚಾರವನ್ನು ಮುಂದಕ್ಕೆ ಒಯ್ದರು.

ನ್ಯೂಟನ್‌ರ ಫಿರಂಗಿ

ಕೆಳಕ್ಕೆ ಬೀಳುವುದು, ಮುಂದಕ್ಕೆ ಸಾಗುವುದು ಎಂಬ ಈ ಎರಡು ಸಂಗತಿಗಳನ್ನು ಒಂದೇ ಗಣಿತದಲ್ಲಿ ಜೋಡಿಸಿದವರು ಐಸಾಕ್ ನ್ಯೂಟನ್. 1687ರಲ್ಲಿ ಅವರ 'ಪ್ರಿನ್ಸಿಪಿಯಾ' ಪ್ರಕಟವಾಯಿತು. ಚಂದ್ರ ಇರುವುದು ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿ. ಆದ್ದರಿಂದ ಅಲ್ಲಿ ಭೂಮಿಯ ಸೆಳೆತ 3,600 ಪಟ್ಟು ಕಡಿಮೆ. ಸೇಬು ಒಂದು ಸೆಕೆಂಡಿನಲ್ಲಿ ಬೀಳುವಷ್ಟು ದೂರ, ಅಂದರೆ ಸುಮಾರು 4.9 ಮೀಟರ್, ಬೀಳಲು ಚಂದ್ರನಿಗೆ ಒಂದು ನಿಮಿಷ ಬೇಕು. ಲೆಕ್ಕ ಸರಿಹೊಂದಿತು. ಚಂದ್ರನೂ ಬೀಳುತ್ತಲೇ ಇದ್ದಾನೆ ಎಂಬುದು ಖಚಿತವಾಯಿತು.

ಅವರು ನಿಧನರಾದ ಮರುವರ್ಷ, 1728ರಲ್ಲಿ, ಪ್ರಕಟವಾದ ಇನ್ನೊಂದು ಪುಸ್ತಕದಲ್ಲಿ ಒಂದು ಚಿತ್ರವಿದೆ. ಬಹಳ ಎತ್ತರದ ಬೆಟ್ಟದ ತುದಿಯಿಂದ ಗುಂಡನ್ನು ಅಡ್ಡಲಾಗಿ ಹಾರಿಸಿದರೆ ಅದು ಸ್ವಲ್ಪ ದೂರ ಹೋಗಿ ಬೀಳುತ್ತದೆ. ವೇಗ ಹೆಚ್ಚಿಸಿದರೆ ಇನ್ನೂ ದೂರ ಹೋಗಿ ಬೀಳುತ್ತದೆ. ವೇಗ ಸಾಕಷ್ಟಿದ್ದರೆ ಗುಂಡು ಬೀಳುವಷ್ಟೇ ನೆಲವೂ ಬಾಗಿ ಕೆಳಗಿಳಿಯುತ್ತದೆ. ಆಗ ಗುಂಡು ನೆಲ ಮುಟ್ಟದೆ ಭೂಮಿಯನ್ನು ಸುತ್ತುತ್ತದೆ. ಇಂದಿನ ಬಾಹ್ಯಾಕಾಶ ನಿಲ್ದಾಣ ಮಾಡುತ್ತಿರುವುದು ಇದನ್ನೇ. ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಸಾಗುತ್ತಾ, ಪ್ರತಿ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಭೂಮಿಯತ್ತ ಬೀಳುತ್ತಾ, ಸುಮಾರು 93 ನಿಮಿಷಕ್ಕೊಮ್ಮೆ ಅದು ಭೂಮಿಯನ್ನು ಸುತ್ತುತ್ತದೆ.

ನಿಲ್ದಾಣದೊಂದಿಗೆ ಅದರೊಳಗಿನ ಯಾತ್ರಿಯೂ, ನೀರಿನ ಹನಿಯೂ ಒಂದೇ ರೀತಿ ಬೀಳುತ್ತವೆ. ತೂಕವೆಂದು ನಮ್ಮ ಮೈಗೆ ಗೊತ್ತಾಗುವುದು ಭೂಮಿಯ ಸೆಳೆತವಲ್ಲ. ನೆಲ ನಮ್ಮನ್ನು ಮೇಲಕ್ಕೆ ಒತ್ತುವ ಒತ್ತಡ. ಲಿಫ್ಟ್ ಕೆಳಗಿಳಿಯಲು ಆರಂಭಿಸಿದಾಗ ಕ್ಷಣಕಾಲ ಮೈ ಹಗುರಾಗುವುದು ಇದರಿಂದಲೇ. ನೆಲವೂ ನಮ್ಮ ಜೊತೆಗೇ ಬೀಳುತ್ತಿದ್ದರೆ ಒತ್ತಡವೇ ಇರುವುದಿಲ್ಲ. ಅಲ್ಲಿ ಇಲ್ಲವಾಗುವುದು ಈ ಒತ್ತಡ ಮಾತ್ರ, ಸೆಳೆತವಲ್ಲ.

ಇಷ್ಟಾದರೂ ತಪ್ಪು ಕಲ್ಪನೆ ಉಳಿಯಿತು. ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1870ರಲ್ಲಿ ಪುಸ್ತಕವಾಗಿ ತಂದ ಚಂದ್ರಯಾನದ ಕಾದಂಬರಿಯಲ್ಲಿ ಪ್ರಯಾಣಿಕರು ತೂಕ ಕಳೆದುಕೊಳ್ಳುವುದು ಭೂಮಿ ಮತ್ತು ಚಂದ್ರರ ಸೆಳೆತ ಸಮವಾಗುವ ಜಾಗದಲ್ಲಿ ಮಾತ್ರ. ಆದರೆ ಅದೇ ಕಥೆಯಲ್ಲಿ ಹೊರಗೆಸೆದ ನಾಯಿಯ ಶವ ನೌಕೆಯ ಪಕ್ಕದಲ್ಲೇ ಸಾಗಿಬರುತ್ತದೆ. ಹೊರಗಿನ ನಾಯಿಗೆ ಅನ್ವಯಿಸಿದ ನಿಯಮ ಒಳಗಿನ ಮನುಷ್ಯರಿಗೂ ಅನ್ವಯಿಸುತ್ತದೆಂದು ಲೇಖಕರಿಗೆ ಹೊಳೆಯಲಿಲ್ಲ. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರರಾಗಿದ್ದ ಐನ್‌ಸ್ಟೈನ್‌ರಿಗೆ, ಮೇಲಿನಿಂದ ಬೀಳುತ್ತಿರುವವನಿಗೆ ತನ್ನ ತೂಕದ ಅನುಭವ ಇರುವುದಿಲ್ಲ ಎಂಬುದು ಹೊಳೆಯಿತು. ತಮ್ಮ ಬದುಕಿನ ಅತ್ಯಂತ ಸಂತೋಷದ ಯೋಚನೆ ಅದೆಂದು ಅವರು ಮುಂದೆ ನೆನೆದರು.

ಸುಜೂದ್ ಮತ್ತು ಮೆಂತ್ಯ

1984ರಲ್ಲಿ ರಾಕೇಶ್ ಶರ್ಮಾ, 1985ರಲ್ಲಿ ಸೌದಿಯ ಸುಲ್ತಾನ್ ಬಿನ್ ಸಲ್ಮಾನ್ ಈ ಸ್ಥಿತಿಯನ್ನು ಸ್ವತಃ ಅನುಭವಿಸಿದರು. 2007ರ ಅಕ್ಟೋಬರ್‌ನಲ್ಲಿ, ರಮಝಾನ್ ಮುಗಿಯುವ ಹೊತ್ತಿಗೆ, ಮಲೇಷ್ಯಾದ ವೈದ್ಯ ಶೇಖ್ ಮುಸಝ್ಫರ್ ನಿಲ್ದಾಣಕ್ಕೆ ಹೊರಟಾಗ ಹೊಸ ಪ್ರಶ್ನೆ ಎದ್ದಿತು. ಹಣೆ ನೆಲಕ್ಕೆ ಊರದ ಕಡೆ ಸುಜೂದ್ ಮಾಡುವುದು ಹೇಗೆ? ದಿನಕ್ಕೆ ಹದಿನಾರು ಬಾರಿ ಸೂರ್ಯ ಹುಟ್ಟುವಲ್ಲಿ ನಮಾಝಿನ ವೇಳೆ ಯಾವುದು? ಮಲೇಷ್ಯಾದ ವಿದ್ವಾಂಸರು ವಿಜ್ಞಾನಿಗಳ ಜೊತೆ ಕುಳಿತು ಕೈಪಿಡಿ ಸಿದ್ಧಪಡಿಸಿದರು. ಉಡಾವಣೆಯಾದ ಸ್ಥಳದ ಸಮಯದಂತೆ ಐದು ಹೊತ್ತು ನಮಾಝ್ ಮಾಡಬೇಕು. ಸಾಧ್ಯವಾದರೆ ಕಅಬಾದ ಕಡೆಗೆ, ಇಲ್ಲವಾದರೆ ಭೂಮಿಯ ಕಡೆಗೆ, ಅದೂ ಆಗದಿದ್ದರೆ ಯಾವ ಕಡೆಗಾದರೂ ಮುಖ ಮಾಡಬಹುದು. ನಿಲ್ಲಲು, ಬಾಗಲು ಆಗದಿದ್ದರೆ ರೆಪ್ಪೆಯ ಸನ್ನೆಯೂ ಸಾಕು. ವಿಜ್ಞಾನವನ್ನು ಸರಿಯಾಗಿ ಅರಿತುಕೊಂಡದ್ದರಿಂದಲೇ ಧರ್ಮದ ಈ ಸೌಲಭ್ಯವನ್ನು ತಿಳಿಸಿಕೊಡಲು ಅವರಿಗೆ ಸಾಧ್ಯವಾಯಿತು.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಆ ನಿಲ್ದಾಣ ತಲುಪಿದ ಮೊದಲ ಭಾರತೀಯರಾದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಮೆಂತ್ಯ, ಹೆಸರುಕಾಳುಗಳೂ ಅವರೊಂದಿಗೆ ಹೋಗಿದ್ದವು. ಆ ಕಾಳುಗಳ ಬಗ್ಗೆ ನಮ್ಮ ಮಕ್ಕಳು ಪ್ರಶ್ನೆ ಕೇಳಿದಾಗ 'ಅಲ್ಲಿ ಗುರುತ್ವಾಕರ್ಷಣೆ ಇಲ್ಲ' ಎಂದು ಹೇಳಿ ಸುಮ್ಮನಾಗಿಸುವುದು ಬೇಡ. ಬ್ರಹ್ಮಗುಪ್ತ, ಇಬ್ನ್ ಸೀನಾ, ಖಾಝಿನಿ, ನ್ಯೂಟನ್, ಐನ್‌ಸ್ಟೈನ್ ಎಲ್ಲರನ್ನೂ ಪರಿಚಯಿಸೋಣ. ಯಾರು ಎಲ್ಲಿಯವರೆಗೆ ಕಂಡರು, ಎಲ್ಲಿ ಎಡವಿದರು ಎಂಬುದನ್ನೂ ಮುಚ್ಚಿಡದೆ ಹೇಳೋಣ. 'ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು' ಎಂಬ ಮಾತು, ಅದನ್ನು ಯಾವ ಸಮುದಾಯದವರೇ ಆಡಲಿ, ಮಕ್ಕಳ ಮುಂದಿನ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ.