ಮಂಜು ಮುಸುಕಿದಾಗ ವಿಮಾನ ಏಕೆ ಏಳುವುದಿಲ್ಲ? ಟೇಕಾಫ್‌ಗೆ ಬೇಕಾದ ಕನಿಷ್ಠ ಗೋಚರತೆಯ ಲೆಕ್ಕ

ಹೊಸೂರು, ಮಡಕಶಿರಾ ಕಡೆಯವರು ವಿಮಾನ ಹತ್ತಲು ಹೆಚ್ಚಾಗಿ ಬರುವುದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ. ಡಿಸೆಂಬರ್, ಜನವರಿಯ ಬೆಳಗಿನ ವಿಮಾನವಾದರೆ ಒಂದು ಪ್ರಕಟಣೆ ಅವರ ಕಿವಿಗೆ ಬಿದ್ದೇ ಇರುತ್ತದೆ: ಗೋಚರತೆ ಕಡಿಮೆ ಇರುವುದರಿಂದ ವಿಮಾನ ತಡ. ಮೋಡದೊಳಗೆ ಏನೂ ಕಾಣದೆ ಗಂಟೆಗಟ್ಟಲೆ ಹಾರುವ ವಿಮಾನಕ್ಕೆ ನೆಲದ ಮೇಲೆ ಓಡುವಾಗ ಮಾತ್ರ ಕಣ್ಣು ಏಕೆ ಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಮೇಲೆ ಹಾರುವಾಗ ಪೈಲಟ್ ಉಪಕರಣಗಳನ್ನು ನೋಡಿಕೊಂಡು ಹಾರುತ್ತಾನೆ. ಈ ಬಗೆಯ ಹಾರಾಟದ ನಿಯಮಗಳಿಗೆ ಐಎಫ್‌ಆರ್ ಎಂದು ಹೆಸರು. ದಟ್ಟ ಮಂಜಿನಲ್ಲಿ ಆಟೋಪೈಲಟ್ ತಾನೇ ವಿಮಾನವನ್ನು ಇಳಿಸುವುದೂ ಉಂಟು. ಆದರೆ ಇಂದಿನ ಪ್ರಯಾಣಿಕ ವಿಮಾನಗಳನ್ನು ನೆಲದಿಂದ ಎಬ್ಬಿಸುವುದು ಮನುಷ್ಯನ ಕೈ. ರನ್‌ವೇ ನಡುಗೆರೆಯ ದೀಪಗಳನ್ನು ನೋಡುತ್ತ ಅವನು ವಿಮಾನವನ್ನು ನೇರ ಓಡಿಸಬೇಕು. ಓಟದ ನಡುವೆ ಒಂದು ಎಂಜಿನ್ ಕೆಟ್ಟರೆ ವಿಮಾನ ಆ ಬದಿಗೆ ಎಳೆಯುತ್ತದೆ. ಆಗ ಅದನ್ನು ರನ್‌ವೇ ಮೇಲೇ ಹಿಡಿದು ನಿಲ್ಲಿಸಬೇಕು. ಕನಿಷ್ಠ ಗೋಚರತೆಯ ನಿಯಮ ಇರುವುದು ಮುಖ್ಯವಾಗಿ ಈ ನಿಲ್ಲಿಸುವ ಕೆಲಸಕ್ಕಾಗಿ.

ಗೋಚರತೆಯನ್ನು ಕಣ್ಣಂದಾಜಿನಲ್ಲಿ ಹೇಳುವುದಿಲ್ಲ. ರನ್‌ವೇ ಪಕ್ಕದಲ್ಲಿ ನಿಲ್ಲಿಸಿದ ಟ್ರಾನ್ಸ್‌ಮಿಸೋಮೀಟರ್ ಎಂಬ ಯಂತ್ರ ಬೆಳಕಿನ ಕಿರಣವನ್ನು ಬಿಟ್ಟು, ಮಂಜು ಅದರಲ್ಲಿ ಎಷ್ಟನ್ನು ನುಂಗಿತು ಎಂದು ಅಳೆಯುತ್ತದೆ. ಇದರಿಂದ ಬರುವ ಅಂಕಿಯೇ ರನ್‌ವೇ ವಿಷುಯಲ್ ರೇಂಜ್, ಅಂದರೆ ಆರ್‌ವಿಆರ್. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ತಯಾರಿಸಿದ 'ದೃಷ್ಟಿ' ಎಂಬ ಯಂತ್ರ ದೇಶದ ಹಲವು ನಿಲ್ದಾಣಗಳಲ್ಲಿ ಈ ಕೆಲಸ ಮಾಡುತ್ತಿದೆ.

ಬೆಂಗಳೂರಿನ ಲೆಕ್ಕವನ್ನೇ ನೋಡೋಣ. ಮೊದಲು ಅಲ್ಲಿ ಇಳಿಯಲು 550 ಮೀಟರ್, ಏಳಲು 300 ಮೀಟರ್ ಆರ್‌ವಿಆರ್ ಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಶುರುವಾದ ದಕ್ಷಿಣ ರನ್‌ವೇಯನ್ನು ಆಮೇಲೆ ಕ್ಯಾಟ್ 3ಬಿ ದರ್ಜೆಗೆ ಏರಿಸಿದ್ದರಿಂದ ಇಳಿಯಲು 50 ಮೀಟರ್, ಏಳಲು 125 ಮೀಟರ್ ಸಾಕಾಯಿತು. ಅಂದರೆ ಈಗ ಏಳುವುದಕ್ಕೇ ಹೆಚ್ಚು ಗೋಚರತೆ ಬೇಕು! ಇಂಥ ರನ್‌ವೇಯಲ್ಲಿ ನಡುಗೆರೆಯ ದೀಪಗಳು 15 ಮೀಟರ್‌ಗೊಂದರಂತೆ ಇರುತ್ತವೆ. 125 ಮೀಟರ್ ಎಂದರೆ ಪೈಲಟ್ ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಏಳೆಂಟು ದೀಪ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಅಷ್ಟು ದೂರ ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ರನ್‌ವೇಯ ಕೊನೆಯ 900 ಮೀಟರ್‌ನಲ್ಲಿ ದೀಪಗಳು ಕೆಂಪು-ಬಿಳಿಯಾಗಿ, ಕೊನೆಯ 300 ಮೀಟರ್‌ನಲ್ಲಿ ಬರೀ ಕೆಂಪಾಗಿ ಉರಿಯುತ್ತವೆ. ಎಷ್ಟು ದಾರಿ ಉಳಿದಿದೆ ಎಂಬುದು ಬಣ್ಣದಿಂದಲೇ ತಿಳಿಯಬೇಕು.

ಇನ್ನೊಂದು ಮುಖ್ಯ ನಿಯಮ ಪ್ರಯಾಣಿಕರ ಗಮನಕ್ಕೆ ಬರುವುದೇ ಇಲ್ಲ. 300 ಮೀಟರ್‌ನಲ್ಲಿ ಎದ್ದ ವಿಮಾನಕ್ಕೆ ಇಳಿಯಲು 550 ಮೀಟರ್ ಬೇಕಿದ್ದರೆ, ಎದ್ದ ಕೂಡಲೇ ಎಂಜಿನ್ ಕೆಟ್ಟರೆ ಅದು ಅಲ್ಲಿಗೇ ಮರಳುವಂತಿಲ್ಲ. ಅದಕ್ಕಾಗಿ ಹೊರಡುವ ಮುನ್ನವೇ ಹವೆ ಚೆನ್ನಾಗಿರುವ ಮತ್ತೊಂದು ನಿಲ್ದಾಣವನ್ನು ಗೊತ್ತುಮಾಡಿಕೊಳ್ಳಬೇಕು. ಎರಡು ಎಂಜಿನ್ ವಿಮಾನಕ್ಕೆ ಅದು ಒಂದೇ ಎಂಜಿನ್‌ನಲ್ಲಿ ಒಂದು ಗಂಟೆಯೊಳಗೆ ಮುಟ್ಟುವ ದೂರದಲ್ಲಿರಬೇಕು.

ಅಮೆರಿಕದ ನಿಯಮ ಸ್ವಲ್ಪ ಬೇರೆ. ಅಲ್ಲಿ ಬಾಡಿಗೆಗೆ ಜನರನ್ನು ಒಯ್ಯುವ ವಿಮಾನಕ್ಕೆ ಎರಡರವರೆಗೆ ಎಂಜಿನ್ ಇದ್ದರೆ ಒಂದು ಮೈಲಿ, ಅದಕ್ಕಿಂತ ಹೆಚ್ಚಿದ್ದರೆ ಅರ್ಧ ಮೈಲಿ ಎಂಬುದು ಸಾಮಾನ್ಯ ಮಿತಿ. ವಿಶೇಷ ಅನುಮತಿ ಪಡೆದ ಕಂಪನಿಗಳು ಅದಕ್ಕಿಂತ ಕಡಿಮೆಯಲ್ಲೂ ಏಳಬಹುದು. ತನ್ನ ಸ್ವಂತ ಸಣ್ಣ ವಿಮಾನದಲ್ಲಿ ಹೊರಟವನಿಗೆ ಮಾತ್ರ ಕನಿಷ್ಠ ಮಿತಿಯೇ ಇಲ್ಲ! ಕಾನೂನು ತಡೆಯದಿದ್ದರೂ ಏನೂ ಕಾಣದ ಮಂಜಿನಲ್ಲಿ ಏಳುವುದು ಬುದ್ಧಿವಂತಿಕೆಯೇನಲ್ಲ.

ಮಿತಿ ಪಾಲಿಸಿದ ಮಾತ್ರಕ್ಕೆ ಅಪಾಯ ಕಳೆಯಿತು ಎನ್ನುವಂತಿಲ್ಲ. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ ದಟ್ಟ ಮಂಜಿತ್ತು. ಎಸ್‌ಎಎಸ್ ಕಂಪನಿಯ ವಿಮಾನ ಅನುಮತಿ ಪಡೆದೇ ಓಟ ಆರಂಭಿಸಿತ್ತು. ದಾರಿ ತಪ್ಪಿದ ಸಣ್ಣ ಸೆಸ್ನಾ ವಿಮಾನವೊಂದು ಅದೇ ರನ್‌ವೇಗೆ ಬಂದುಬಿಟ್ಟಿತು. ನೆಲದ ರಾಡಾರ್ ಕೆಲಸ ಮಾಡುತ್ತಿರಲಿಲ್ಲ, ಸೆಸ್ನಾ ಪೈಲಟ್‌ಗಳಿಗೆ ಅಂಥ ಮಂಜಿನಲ್ಲಿ ಓಡಾಡುವ ಅರ್ಹತೆಯೂ ಇರಲಿಲ್ಲ. ಸತ್ತವರು 118 ಮಂದಿ.

ಅರ್ಹತೆಯ ವಿಷಯದಲ್ಲಿ ನಮ್ಮ ಡಿಜಿಸಿಎ ಕೂಡ ಕಠಿಣವಾಗಿಯೇ ಇದೆ. 2023ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯ ಮಂಜಿನ ದಿನಗಳಲ್ಲಿ ತರಬೇತಾದ ಪೈಲಟ್‌ಗಳನ್ನು ನೇಮಿಸಲಿಲ್ಲವೆಂದು ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್ ಕಂಪನಿಗಳಿಗೆ 2024ರ ಜನವರಿಯಲ್ಲಿ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು.

ಹೀಗಾಗಿ ಪಕ್ಕದ ಗೇಟಿನ ವಿಮಾನ ಹೊರಟು ನಿಮ್ಮದು ನಿಂತಿದ್ದರೆ ಸಿಬ್ಬಂದಿಯ ಮೇಲೆ ರೇಗಿ ಪ್ರಯೋಜನವಿಲ್ಲ. ರನ್‌ವೇ, ವಿಮಾನ, ಪೈಲಟ್, ಈ ಮೂರಕ್ಕೂ ಅನುಮತಿ ಇರಬೇಕು. ಮೂರರಲ್ಲಿ ಯಾವುದರ ಮಿತಿ ಹೆಚ್ಚೋ ಅದೇ ಆ ಹಾರಾಟಕ್ಕೆ ಅನ್ವಯ. ಬಿಸಿಲೇರಿ ಮಂಜು ಕರಗಿದ ಮೇಲೂ ಸಾಲಿನಲ್ಲಿ ನಿಂತ ವಿಮಾನಗಳು ಒಂದೊಂದಾಗಿಯೇ ಏಳಬೇಕಾದ್ದರಿಂದ ಇನ್ನಷ್ಟು ಹೊತ್ತು ಹಿಡಿಯುತ್ತದೆ.