ಹಂಗೇರಿಯ ಮಾಂಸದ ದೋಸೆ: ಒಂದು ಹೆಸರಿನ ಚರಿತ್ರೆ

ದೇಶದೇಶಗಳ ಅಡಿಗೆಯ ಚರಿತ್ರೆಯನ್ನು ಪರಿಶೀಲಿಸುವವರಿಗೆ ಒಂದು ಸಂಗತಿಯು ಮೇಲಿಂದ ಮೇಲೆ ಎದುರಾಗುವುದು. ಒಂದು ಜನಾಂಗದ ಪುರಾತನ ಸ್ವತ್ತೆಂದು ಪ್ರಸಿದ್ಧವಾದ ಭಕ್ಷ್ಯವು ಅನೇಕ ವೇಳೆ ಇತ್ತೀಚಿನದಾಗಿರುವುದು. ಅದರ ಅಂಗಗಳು ಮಾತ್ರ ಪುರಾತನವಾಗಿದ್ದು, ಅವೂ ದೂರದೇಶಗಳಿಂದ ಬಂದುವಾಗಿರುವುವು. ಹಂಗೇರಿಯ ‘ಹೊರ್ತೊಬಾಜಿ ಪಲಚಿಂತ’ ಎಂಬುದು ಇದಕ್ಕೆ ಉತ್ತಮ ನಿದರ್ಶನ. ತೆಳುವಾದ ದೋಸೆಯಲ್ಲಿ ನುಣ್ಣಗೆ ಕೊಚ್ಚಿದ ಮಾಂಸವನ್ನಿಟ್ಟು ಸುತ್ತಿ, ಮೇಲೆ ಕೆಂಪು ರಸವನ್ನೆರೆದು ಬಡಿಸುವ ಈ ಭಕ್ಷ್ಯವು ಹೊರ್ತೊಬಾಜ್ ಎಂಬ ಹುಲ್ಲುಬಯಲಿನ ದನಗಾಹಿಗಳ ಪರಂಪರೆಯ ಊಟವೆಂದು ಹೆಸರಿನಿಂದ ತೋರುವುದು. ಚರಿತ್ರೆಯು ಮಾತ್ರ ಬೇರೊಂದು ಮಾತನ್ನು ಹೇಳುತ್ತದೆ.

ಮೊದಲು ಪದದ ವಿಚಾರ. ಕ್ರಿಸ್ತಪೂರ್ವ ೨ನೆಯ ಶತಮಾನದಲ್ಲಿ ರೋಮಿನ ಕೇಟೋ ಎಂಬ ರಾಜಕಾರಣಿಯು ಬರೆದ ಕೃಷಿಗ್ರಂಥದಲ್ಲಿ ‘ಪ್ಲಸೆಂಟ’ ಎಂಬ ಭಕ್ಷ್ಯದ ವಿಧಾನವಿದೆ. ಹಿಟ್ಟಿನ ಹಾಳೆಗಳ ನಡುವೆ ಕುರಿಹಾಲಿನ ಗಿಣ್ಣನ್ನೂ ಜೇನನ್ನೂ ಹರಡಿ ಸುಡುತ್ತಿದ್ದ ತಿನಿಸು ಅದು. ಈ ಪದವು ರುಮೇನಿಯದ ಭಾಷೆಯಲ್ಲಿ ‘ಪ್ಲಚಿಂತ’ವಾಗಿ, ಹಂಗೇರಿಯಲ್ಲಿ ‘ಪಲಚಿಂತ’ವಾಯಿತು. ಅಲ್ಲಿಂದ ಆಸ್ಟ್ರಿಯಕ್ಕೆ ಹೋಗಿ ‘ಪಲಚಿಂಕನ್’ ಎನಿಸಿತು. ಜರ್ಮನ್ ಭಾಷೆಯಲ್ಲಿ ‘ಶಿಂಕನ್’ ಎಂದರೆ ಹಂದಿಯ ತೊಡೆಯ ಮಾಂಸ. ಈ ಧ್ವನಿಸಾಮ್ಯದಿಂದ ದೋಸೆಯಲ್ಲಿ ಮಾಂಸವಿರಲೇಬೇಕೆಂದು ಭ್ರಮಿಸುವವರುಂಟು. ವಾಸ್ತವವಾಗಿ ಹಣ್ಣಿನ ಪಾಕವನ್ನು ಸವರಿದ ಸಿಹಿ ದೋಸೆಯೇ ಅಲ್ಲಿ ಹೆಚ್ಚು ಬಳಕೆಯಲ್ಲಿದೆ.

ಎರಡನೆಯದು ಆ ರಸದ ಕೆಂಪು ಬಣ್ಣ. ಇದನ್ನು ಕೊಡುವ ‘ಪಪ್ರಿಕ’ವು ಮೆಣಸಿನಕಾಯಿಯ ಒಂದು ಜಾತಿ. ೧೪೯೨ರಲ್ಲಿ ಕೊಲಂಬಸನು ಅಮೆರಿಕವನ್ನು ಮುಟ್ಟುವವರೆಗೆ ಯೂರೋಪು ಏಷ್ಯಾಗಳಲ್ಲಿ ಈ ಕಾಯಿಯು ಯಾರಿಗೂ ತಿಳಿದಿರಲಿಲ್ಲ. ೧೫೪೧ರಲ್ಲಿ ಬುಡಾ ನಗರವು ತುರ್ಕರ ವಶವಾಗಿ ೧೬೮೬ರವರೆಗೂ ಅವರಲ್ಲಿಯೇ ಉಳಿಯಿತು. ಆ ಆಳ್ವಿಕೆಯ ಕಾಲದಲ್ಲಿ ಬಂದ ಕಾಯನ್ನು ಹಂಗೇರಿಯವರು ‘ತುರ್ಕರ ಮೆಣಸು’ ಎಂದು ಕರೆದರು. ಮೊದಲು ಸಿರಿವಂತರ ತೋಟಗಳ ಅಲಂಕಾರವಾಗಿದ್ದುದು ಕ್ರಮೇಣ ರೈತರ ಮಡಕೆಗೆ ಇಳಿದು, ಅಲ್ಲಿಂದ ಎಲ್ಲರ ಊಟಕ್ಕೆ ಏರಿತು. ಸೆಗೆದ್, ಕೊಲೊಚ ಎಂಬ ಊರುಗಳು ಅದರ ಬೆಳೆಯಿಂದ ಹೆಸರುವಾಸಿಯಾದುವು.

ಕನ್ನಡಿಗರಿಗೆ ಇದು ತೀರ ಅಪರಿಚಿತವಾದ ಕಥೆಯಲ್ಲ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹಲವು ಮಾಂಸಪಾಕಗಳ ವಿವರಣೆಯಿದೆ, ಅವುಗಳಲ್ಲಿ ಕರಿಯ ಮೆಣಸುಂಟು, ಮೆಣಸಿನಕಾಯಿಯಿಲ್ಲ. ಪೋರ್ಚುಗೀಸರ ಹಡಗುಗಳಿಂದ ಹೊಸ ಕಾಯಿ ಬಂದ ಮೇಲೆ, ಹಳೆಯ ಮೆಣಸಿನ ಹೆಸರನ್ನೇ ಅದಕ್ಕೂ ಕೊಡಲಾಯಿತು. ‘ಪಪ್ರಿಕ’ ಎಂಬ ಪದವೂ ಸ್ಲಾವ್ ಭಾಷೆಯಲ್ಲಿ ಕರಿಮೆಣಸಿಗಿರುವ ಹೆಸರಿನಿಂದಲೇ ಹುಟ್ಟಿದುದು. ಖಾರಕ್ಕಿಂತ ಬಣ್ಣಕ್ಕಾಗಿ ಬೇಡಿಕೆಯುಳ್ಳ ಬ್ಯಾಡಗಿಯ ಕಾಯಿಗೂ ಹಂಗೇರಿಯ ಪಪ್ರಿಕಕ್ಕೂ ಗುಣಸಾಮ್ಯವಿದೆ.

ಇನ್ನು ಪಾಕಕ್ರಮ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಹಂದಿಯ ಕೊಬ್ಬಿನಲ್ಲಿ ಮೆಲ್ಲಗೆ ಬಾಡಿಸಿ, ಪಾತ್ರೆಯನ್ನು ಉರಿಯಿಂದ ಇಳಿಸಿದ ಮೇಲೆಯೇ ಪಪ್ರಿಕದ ಪುಡಿಯನ್ನು ಹಾಕತಕ್ಕದ್ದು. ಅದರಲ್ಲಿ ಸಕ್ಕರೆಯ ಅಂಶವಿರುವುದರಿಂದ ಬಿಸಿ ಮಿತಿಮೀರಿದರೆ ಸೀದು ಕಹಿಯಾಗುವುದು. ಬಳಿಕ ಕೋಳಿಯ ಅಥವಾ ಎಳೆಗರುವಿನ ಮಾಂಸವನ್ನು ಸೇರಿಸಿ, ಸ್ವಲ್ಪ ನೀರಿನಲ್ಲಿ ಮುಚ್ಚಿ ಬೇಯಿಸುವರು. ಬೆಂದ ಮಾಂಸವನ್ನು ಎತ್ತಿ ಕೊಚ್ಚಿ, ಉಳಿದ ರಸಕ್ಕೆ ಹಿಟ್ಟು ಕದಡಿದ ಹುಳಿಗೆನೆಯನ್ನು ಬೆರೆಸಿ ಕುದಿಸಿ ಗಟ್ಟಿಮಾಡುವರು. ಗೋಧಿಹಿಟ್ಟು, ಮೊಟ್ಟೆ, ಹಾಲು, ಉಪ್ಪು, ಹಗುರವಾಗಲೆಂದು ಸ್ವಲ್ಪ ಸೋಡಾನೀರು, ಇಷ್ಟನ್ನು ಕಲಸಿ ಹಿಟ್ಟು ನೆನೆಯುವಷ್ಟು ಹೊತ್ತು ಬಿಟ್ಟು, ತೆಳ್ಳಗೆ ದೋಸೆ ಹೊಯ್ಯುವರು. ಮಾಂಸಕ್ಕೆ ಕೊಂಚ ರಸವನ್ನು ಬೆರೆಸಿ ದೋಸೆಯ ಮೇಲಿಟ್ಟು, ಎರಡು ಅಂಚುಗಳನ್ನು ಒಳಕ್ಕೆ ಮಡಿಸಿ ಸುತ್ತಿ, ಅಗಲವಾದ ಪಾತ್ರೆಯಲ್ಲಿ ಜೋಡಿಸಿ, ಉಳಿದ ರಸವನ್ನೆರೆದು ಗೂಡೊಲೆಯಲ್ಲಿ ಬಿಸಿಮಾಡಿದರೆ ಭಕ್ಷ್ಯವು ಸಿದ್ಧ. ಹಿಂದಿನ ದಿನದ ಮಾಂಸದ ಸಾರು ಮಿಕ್ಕಿದ್ದರೆ ಅದರಿಂದಲೂ ಇದನ್ನು ಮಾಡಬಹುದು; ಸ್ವಲ್ಪ ಮಾಂಸವನ್ನು ಹಲವರಿಗೆ ಸಾಲಿಸುವ ಗೃಹಿಣಿಯ ಜಾಣತನವು ಇದರಲ್ಲಿದೆ.

ಈ ಕ್ರಮವೇ ಹೆಸರಿನ ಮೇಲೆ ಸಂದೇಹವನ್ನು ಹುಟ್ಟಿಸುತ್ತದೆ. ಬಯಲಿನ ದನಗಾಹಿಗಳ ಅಡಿಗೆ ತೆರೆದ ಬೆಂಕಿಯ ಮೇಲೆ ತೂಗುವ ಒಂದೇ ಕಡಾಯಿಯದು. ಹಂದಿಯ ಕೊಬ್ಬು, ಆಲೂಗಡ್ಡೆ, ಒಣಗಿಸಿದ ಹಿಟ್ಟಿನ ಚೂರು, ಇವುಗಳಿಂದಾದ ‘ಸ್ಲಂಬುತ್ಸ್’ ಎಂಬುದು ಅವರ ನಿಜವಾದ ಊಟ. ಮೊಟ್ಟೆ, ಹಾಲು, ಕಾವಲಿ, ಗೂಡೊಲೆಗಳನ್ನು ಬೇಡುವ ಪಲಚಿಂತವು ಮನೆಯ ಅಡಿಗೆಯೇ ಹೊರತು ಬಯಲಿನದಲ್ಲ. ೧೯೫೮ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಜಾಗತಿಕ ಪ್ರದರ್ಶನದ ಮೂಲಕ ಅದು ಹೊರ್ತೊಬಾಜಿನ ಹೆಸರಿನಲ್ಲಿ ಪ್ರಸಿದ್ಧವಾಯಿತೆಂಬುದು ಸಾಮಾನ್ಯವಾದ ನಿರೂಪಣೆ. ಬಯಲು, ಕುದುರೆ, ದನಗಾಹಿಗಳ ಚಿತ್ರವು ವಿದೇಶೀಯರ ಮನಸ್ಸನ್ನು ಸೆಳೆಯುವಂಥದು. ಅಂತಹ ಹೆಸರು ಪ್ರದರ್ಶನಕ್ಕೆ ಒಪ್ಪುವುದು ಸಹಜವೇ.

ಆದರೆ ಅದೇ ಬಯಲಿಗೆ ಆಗ ಬೇರೊಂದು ಕೀರ್ತಿಯೂ ಇದ್ದಿತು. ೧೯೫೦ರ ಜೂನಿನಿಂದ ೧೯೫೩ರವರೆಗೆ ಹಂಗೇರಿಯ ಕಮ್ಯೂನಿಸ್ಟ್ ಸರ್ಕಾರವು ಅಲ್ಲಿ ೧೨ ದುಡಿಮೆಯ ಶಿಬಿರಗಳನ್ನು ನಡೆಯಿಸಿತು. ಗಡಿನಾಡಿನ ಗ್ರಾಮಗಳಿಂದ ಸಾವಿರಾರು ಜನರನ್ನು, ಮುದುಕರು ಮಕ್ಕಳೆನ್ನದೆ, ವಿಚಾರಣೆಯಿಲ್ಲದೆ ರಾತ್ರಿಯಲ್ಲಿ ಎಬ್ಬಿಸಿ ಸಾಗಿಸಿ, ಕುರಿದೊಡ್ಡಿಗಳಲ್ಲಿ ಇರಿಸಿ ಹೊಲಗಳಲ್ಲಿ ದುಡಿಸಲಾಯಿತು. ೧೯೫೩ರ ಜುಲೈಯಲ್ಲಿ ಪ್ರಧಾನಿಯಾದ ಇಮ್ರೆ ನಾಜ್ ಎಂಬವನ ಸರ್ಕಾರವು ಆ ಶಿಬಿರಗಳನ್ನು ಮುಚ್ಚಿಸಿತು. ಬಿಡುಗಡೆಯಾದವರಲ್ಲಿ ಅನೇಕರಿಗೆ ಸ್ವಂತ ಮನೆಗೆ ಹಿಂದಿರುಗುವ ಅವಕಾಶವಿರಲಿಲ್ಲ. ೧೯೫೬ರ ಕ್ರಾಂತಿಯಲ್ಲಿ ಜನರ ಪಕ್ಷದಲ್ಲಿ ನಿಂತ ಆ ನಾಜ್‌ನನ್ನು ೧೯೫೮ರ ಜೂನ್ ೧೬ರಂದು ಗಲ್ಲಿಗೇರಿಸಿದರು. ಬ್ರಸೆಲ್ಸಿನ ಪ್ರದರ್ಶನವು ಏಪ್ರಿಲ್ ೧೭ರಿಂದ ಅಕ್ಟೋಬರ್ ೧೯ರವರೆಗೆ ನಡೆಯಿತು. ಎಂದರೆ ಅದು ತೆರೆದಿದ್ದಾಗಲೇ ಈ ಮರಣದಂಡನೆ ನಡೆದುಹೋಯಿತು.

ಇದರಲ್ಲಿ ಭಕ್ಷ್ಯದ ದೋಷವೇನೂ ಇಲ್ಲ. ರೋಮಿನ ಪದವನ್ನೂ ಅಮೆರಿಕದ ಕಾಯನ್ನೂ ತಮ್ಮದಾಗಿ ಮಾಡಿಕೊಂಡವರು ಹೆಸರು ಬಾರದ ಅಡಿಗೆಯವರು. ಆ ಸ್ವತ್ತು ನ್ಯಾಯವಾಗಿ ಹಂಗೇರಿಯ ಮನೆಗಳದು. ಪ್ರದರ್ಶನವು ಸೇರಿಸಿದುದು ಹೆಸರೊಂದನ್ನೇ. ಆ ಹೆಸರಿನ ಬಯಲಿನಲ್ಲಿ ದನಗಾಹಿಗಳ ಬದುಕು ಎಷ್ಟು ನಿಜವೋ ಸೆರೆಯಾದವರ ದುಃಖವೂ ಅಷ್ಟೇ ನಿಜ. ಭಕ್ಷ್ಯವನ್ನು ಮೆಚ್ಚಿ ಉಣ್ಣುವವರು ಹೆಸರಿನ ಈ ಎರಡು ಅರ್ಥಗಳನ್ನೂ ತಿಳಿದಿರುವುದು ಯುಕ್ತ.